ಶಾಫ್ಟ್ ಸದ್ದು ಮಾಡಿದರೆ ಗ್ರೀಸ್ ಡಬ್ಬಿ ಪಕ್ಕಕ್ಕಿಡಿ

ರಿಮೋಟಿನಲ್ಲಿ ಓಡಿಸುವ ಮಾದರಿ ಬೋಟನ್ನು ನೀರಿಗಿಳಿಸಿ ಸ್ವಲ್ಪ ಥ್ರಾಟಲ್ ಕೊಟ್ಟ ಕೂಡಲೇ ಒಳಗಿಂದ ಗರಗರ ಅಂತ ಸದ್ದು ಬರುತ್ತದೆ, ಅಲ್ವಾ? ಆಗ ಬಹಳ ಜನ ಮೊದಲು ಮಾಡುವುದು ಒಂದೇ ಕೆಲಸ. ಮೋಟರಿನಿಂದ ಪ್ರೊಪೆಲ್ಲರಿಗೆ ಹೋಗುವ ಸರಳು, ಅಂದರೆ ಶಾಫ್ಟ್, ಕೂತಿರುವ ಟ್ಯೂಬ್ ತುಂಬ ಗ್ರೀಸ್ ತುಂಬುತ್ತಾರೆ. ಸದ್ದು ಕಡಿಮೆಯಾಗುತ್ತದೆ, ಸರಿಹೋಯಿತು ಅಂದುಕೊಳ್ಳುತ್ತಾರೆ. ನಾಲ್ಕು ಸಲ ಓಡಿಸುವಷ್ಟರಲ್ಲಿ ಮತ್ತೆ ಅದೇ ಸದ್ದು, ಜೊತೆಗೆ ಮೋಟರ್ ಬಿಸಿ, ಅದರ ವೇಗ ನಿಯಂತ್ರಿಸುವ ಇಎಸ್‌ಸಿ ಬಿಸಿ, ಬ್ಯಾಟರಿ ಬೇಗ ಖಾಲಿ.

ನಾನು ಇವತ್ತು ಗಟ್ಟಿಯಾಗಿ ಹೇಳಬೇಕು ಅಂತಿರುವುದು ಇಷ್ಟೇ. ಮೋಟರ್ ಮತ್ತು ಶಾಫ್ಟ್ ಒಂದೇ ಗೆರೆಯಲ್ಲಿ ಕೂತಿದೆಯಾ ಅಂತ ಮೊದಲು ನೋಡಿ. ಉಳಿದದ್ದೆಲ್ಲ ಆಮೇಲೆ.

ನನ್ನ ಟಗ್ ಬೋಟಿನಲ್ಲಿ ಮೋಟರನ್ನೂ ಶಾಫ್ಟನ್ನೂ ಜೋಡಿಸುವ ಕಪ್ಲಿಂಗ್ ಎರಡು ಸಲ ಹೋಯಿತು. ಹೊಸದು ಹಾಕಿದೆ, ಅದೂ ಹೋಯಿತು. ಮೂರನೇ ಸಲ ಕಪ್ಲಿಂಗ್ ಬಿಚ್ಚಿ ಪಕ್ಕದಿಂದ ಕಣ್ಣಿಟ್ಟು ನೋಡಿದರೆ ಮೋಟರ್ ಒಂದು ಕಡೆ ವಾಲಿತ್ತು. ಕಪ್ಲಿಂಗ್ ಬಗ್ಗುತ್ತದೆ ನಿಜ. ಆದರೆ ಆ ಬಗ್ಗುವ ಗುಣ ಇರುವುದು ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸಕ್ಕೆ. ವಾಲಿದ ಮೋಟರನ್ನು ಅದರ ತಲೆಗೆ ಕಟ್ಟಿದರೆ ಪ್ರತಿ ಸುತ್ತಿಗೂ ಅದು ಬಾಗಿ ಏಳಬೇಕು, ಆ ಏಟು ಒಂದು ಕಡೆ ಮೋಟರಿನ ಬೇರಿಂಗಿಗೆ, ಇನ್ನೊಂದು ಕಡೆ ಟ್ಯೂಬಿನ ತುದಿಯಲ್ಲಿ ಶಾಫ್ಟನ್ನು ಹಿಡಿಯುವ ಬುಷ್‌ಗೆ ಬೀಳುತ್ತಾ ಹೋಗುತ್ತದೆ.

ಪತ್ತೆ ಮಾಡುವುದು ಸುಲಭ. ಬ್ಯಾಟರಿ ತೆಗೆದುಬಿಡಿ, ಇದನ್ನು ಮರೆಯಬೇಡಿ. ಕಪ್ಲಿಂಗ್ ಬಿಚ್ಚಿ ಶಾಫ್ಟನ್ನು ಮಾತ್ರ ಎರಡು ಬೆರಳಲ್ಲಿ ತಿರುಗಿಸಿ. ಸಲೀಸಾಗಿ ತಿರುಗಿ, ಕಪ್ಲಿಂಗ್ ಹಾಕಿದ ಮೇಲೆ ಮಾತ್ರ ಒಂದು ಜಾಗದಲ್ಲಿ ಬಿಗಿ ಅನಿಸಿದರೆ ತಪ್ಪು ಮೋಟರ್ ಕೂತಿರುವ ರೀತಿಯಲ್ಲಿದೆ. ಬಿಚ್ಚಿದಾಗಲೂ ಬಿಗಿಯಾಗಿದ್ದರೆ ಶಾಫ್ಟನ್ನು ಹೊರಗೆ ಎಳೆದು ಗಾಜಿನ ಮೇಲೆ ಉರುಳಿಸಿ. ಕೆಳಗೆ ಬೆಳಕು ಬಂದು ಹೋಗಿ ಮಾಡಿದರೆ ಬಗ್ಗಿದೆ. ಬಗ್ಗಿದ ಶಾಫ್ಟನ್ನು ಸುತ್ತಿಗೆಯಿಂದ ತಟ್ಟಿ ನೇರ ಮಾಡುವವರಿದ್ದಾರೆ, ನನಗೆ ಅದರಲ್ಲಿ ನಂಬಿಕೆ ಇಲ್ಲ. ಹೊಸದು ಹಾಕಿ. ಹಾಗೇ ಪ್ರೊಪೆಲ್ಲರ್ ಬುಡವನ್ನೂ ನೋಡಿ, ಕಳೆಯೋ ದಾರವೋ ಸುತ್ತಿಕೊಂಡು ಬುಷ್ ಒಳಗೆ ನುಗ್ಗಿರುತ್ತದೆ.

ಇನ್ನು ಗೆರೆ ಕೂಡಿಸುವುದು. ಮೋಟರ್ ಶಾಫ್ಟ್ ಮತ್ತು ಪ್ರೊಪೆಲ್ಲರ್ ಶಾಫ್ಟ್ ಎರಡಕ್ಕೂ ಸರಿಯಾಗಿ ಕೂರುವ, ಸ್ವಲ್ಪವೂ ಬಗ್ಗದ ಹಿತ್ತಾಳೆ ಟ್ಯೂಬ್ ತುಂಡು ಬೇಕು. ಎರಡರ ದಪ್ಪ ಬೇರೆ ಇದ್ದರೆ ಎರಡು ಅಳತೆಯ ತೂತಿರುವ ಗಟ್ಟಿ ಕಪ್ಲರ್ ಆಗುತ್ತದೆ. ಮೋಟರ್ ಮೌಂಟಿನ ಸ್ಕ್ರೂ ಸಡಿಲ ಮಾಡಿ, ಬಗ್ಗುವ ಕಪ್ಲಿಂಗ್ ಜಾಗದಲ್ಲಿ ಈ ಗಟ್ಟಿ ತುಂಡು ಹಾಕಿ, ಮೋಟರ್ ತಾನಾಗಿ ಎಲ್ಲಿ ನಿಲ್ಲುತ್ತದೋ ಅಲ್ಲೇ ನಿಲ್ಲಲು ಬಿಡಿ, ಕೆಳಗೆ ಸಂದು ಉಳಿದರೆ ತೆಳು ಪ್ಲಾಸ್ಟಿಕ್ ಹಾಳೆ ತುಂಬಿ, ಆಮೇಲೆ ಒಂದೊಂದೇ ಸ್ಕ್ರೂ ಬಿಗಿ ಮಾಡುತ್ತಾ ಪ್ರತಿ ಸಲ ಕೈಯಲ್ಲಿ ತಿರುಗಿಸಿ ನೋಡಿ. ಯಾವ ಸ್ಕ್ರೂ ಬಿಗಿ ಮಾಡಿದಾಗ ಭಾರ ಅನಿಸಿತೋ ಆ ಮೂಲೆ ಸರಿಯಿಲ್ಲ. ಅರ್ಧ ಗಂಟೆ ಆಗಬಹುದು, ಆಗಲಿ. ಕೊನೆಗೆ ಗಟ್ಟಿ ತುಂಡು ತೆಗೆದು ಕಪ್ಲಿಂಗ್ ಹಾಕಿ. ಅದನ್ನು ಶಾಫ್ಟಿಗೆ ಬಿಗಿಯುವ ತಲೆಯಿಲ್ಲದ ಸಣ್ಣ ಸ್ಕ್ರೂ (ಗ್ರಬ್ ಸ್ಕ್ರೂ) ಕೂರುವ ಕಡೆ ಶಾಫ್ಟನ್ನು ಅರದಿಂದ ಸ್ವಲ್ಪ ಚಪ್ಪಟೆ ಮಾಡಿದರೆ ಜಾರುವುದಿಲ್ಲ.

ಇನ್ನೊಂದು ಮಾತು ತುಂಬಾ ಜನ ಬಿಟ್ಟುಬಿಡುತ್ತಾರೆ. ಮುಂದೆ ಹೋಗುವಾಗ ಪ್ರೊಪೆಲ್ಲರ್ ಶಾಫ್ಟನ್ನು ಬೋಟಿನ ಒಳಕ್ಕೆ ನೂಕುತ್ತದೆ. ಆ ನೂಕನ್ನು ಹೊರಗಿನ ಬುಷ್ ತಡೆಯಬೇಕು, ಅದಕ್ಕೇ ಅಲ್ಲಿ ವಾಷರ್ ಮತ್ತು ಲಾಕ್ ನಟ್ ಇರುವುದು. ಅಲ್ಲಿ ಜಾಸ್ತಿ ಸಂದು ಬಿಟ್ಟರೆ ಪೂರ್ತಿ ಭಾರ ಮೋಟರಿನ ಮೇಲೆ. ಅರ್ಧ ಮಿಲಿಮೀಟರ್ ಆಟ ಸಾಕು.

ವೇಗದ ಬೋಟಿನಲ್ಲಿ ಗಟ್ಟಿ ಶಾಫ್ಟಿನ ಬದಲು ಇರುವ, ಎಳೆ ಸುತ್ತಿ ಮಾಡಿದ ಬಗ್ಗುವ ಫ್ಲೆಕ್ಸ್ ಕೇಬಲ್ ಲೆಕ್ಕ ಬೇರೆ. ಭಾರ ಬಿದ್ದಾಗ ಅದು ತಿರುಚಿಕೊಂಡು ಉದ್ದ ಕಡಿಮೆಯಾಗುತ್ತದೆ, ಹಾಗಾಗಿ ಸ್ಟ್ರಟ್ (ಬೋಟಿನ ಹಿಂದೆ ಶಾಫ್ಟನ್ನು ಹಿಡಿಯುವ ಆಧಾರ) ಮತ್ತು ಡ್ರೈವ್ ಡಾಗ್ (ಪ್ರೊಪೆಲ್ಲರನ್ನು ಹಿಡಿದು ತಿರುಗಿಸುವ ತುಂಡು) ನಡುವೆ 2-3 ಮಿಲಿಮೀಟರ್ ಬಿಡಲೇಬೇಕು. ತಿರುಗುವ ದಿಕ್ಕಿಗೆ ಬಿಗಿಯಾಗುವಂತೆ ಅದರ ಎಳೆಗಳನ್ನು ಸುತ್ತಿರುತ್ತಾರೆ, ಪೂರ್ತಿ ರಿವರ್ಸ್ ಕೊಟ್ಟರೆ ಎಳೆ ಬಿಚ್ಚಿಕೊಳ್ಳುತ್ತದೆ.

ಗ್ರೀಸ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕು, ನೀರು ಒಳಗೆ ಬರುವುದನ್ನು ಅದು ತಡೆಯುತ್ತದೆ. ಆದರೆ ಮೇಲೆ ಹೇಳಿದ್ದೆಲ್ಲ ಮುಗಿದ ಮೇಲೆ ಹಾಕಿ. ಹಾಕುವ ಮೊದಲು ಪ್ರೊಪೆಲ್ಲರ್ ತೆಗೆದು, ಆಂಪ್ ಮೀಟರ್ ಕಟ್ಟಿ, ಬರೀ ಮೋಟರ್ ಎಷ್ಟು ಕರೆಂಟ್ ಎಳೆಯುತ್ತದೆ, ಅದೇ ಥ್ರಾಟಲಿನಲ್ಲಿ ಶಾಫ್ಟ್ ಸೇರಿಸಿದಾಗ ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಗ್ರೀಸ್ ಹಾಕಿ ಇನ್ನೊಮ್ಮೆ ಅಳೆಯಿರಿ. ಅಂಕಿ ಏರಿದ್ದರೆ ಗ್ರೀಸ್ ತುಂಬಾ ಗಟ್ಟಿ, ತೆಳುವಾದದ್ದಕ್ಕೆ ಬದಲಾಯಿಸಿ.