ಮಂಡಿಯೂರಿದ ದೊರೆ, ಒರೆ ಸೇರಿದ ಕತ್ತಿ

(ಮುಂಬಯಿಯ ಮಾಟುಂಗಾದಲ್ಲಿ ಕನ್ನಡ ರಂಗಾಸಕ್ತರಿಗಾಗಿ ನೀಡಿದ ಉಪನ್ಯಾಸ)

ಸಹೃದಯರೇ,

ಶೇಕ್ಸ್‌ಪಿಯರನ ನಾಟಕದ ರಾಜಕುಮಾರ ಹ್ಯಾಮ್ಲೆಟ್ ಅಂದರೆ ಮೀನಮೇಷ ಎಣಿಸುವವನು ಎಂಬ ಮಾತು ನಮ್ಮಲ್ಲಿ ಬೇರೂರಿಬಿಟ್ಟಿದೆ. ಮೂರನೆಯ ಅಂಕದ ಮೂರನೆಯ ದೃಶ್ಯವೊಂದನ್ನೇ ಇಟ್ಟುಕೊಂಡು ಆ ಮಾತನ್ನು ಒರೆಗೆ ಹಚ್ಚೋಣ. ತನ್ನ ಅಣ್ಣನ, ಅಂದರೆ ಹ್ಯಾಮ್ಲೆಟ್‌ನ ಅಪ್ಪನ, ಕಿವಿಗೆ ವಿಷ ಸುರಿದು ಗದ್ದುಗೆಯನ್ನೂ ಅತ್ತಿಗೆಯನ್ನೂ ದಕ್ಕಿಸಿಕೊಂಡ ಕ್ಲಾಡಿಯಸ್ ಒಬ್ಬನೇ ಮಂಡಿಯೂರಿದ್ದಾನೆ. ಬೆನ್ನ ಹಿಂದೆ ಹ್ಯಾಮ್ಲೆಟ್, ಕೈಯಲ್ಲಿ ಕತ್ತಿ. ಹೊಡೆಯುವುದಿಲ್ಲ.

ಯಾಕೆ? ಪ್ರಾರ್ಥನೆಯಲ್ಲಿರುವಾಗ ಕೊಂದರೆ ಪಾಪಿ ಸ್ವರ್ಗಕ್ಕೆ ಹೋದಾನು. ಅಜಾಮಿಳನ ಕತೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಯುವಾಗ ಮಗನನ್ನು 'ನಾರಾಯಣಾ' ಎಂದು ಕೂಗಿದ್ದಕ್ಕೇ ಯಮದೂತರು ಬರಿಗೈಲಿ ಮರಳಬೇಕಾಯಿತು. ಹ್ಯಾಮ್ಲೆಟ್‌ನ ಅಪ್ಪನೋ ಪಾಪನಿವೇದನೆಗೂ ಎಡೆಯಿಲ್ಲದೆ ನಿದ್ದೆಯಲ್ಲೇ ಸತ್ತವನು. ಅವನ ಕೊಲೆಗಾರನಿಗೆ ಸದ್ಗತಿ ಕೊಟ್ಟರೆ ಅದು ಸೇಡಲ್ಲ, ಸಂಬಳ. ಕುಡಿತದಲ್ಲೋ ಜೂಜಿನಲ್ಲೋ ಸಿಕ್ಕಲಿ, ಆತ್ಮವೂ ನರಕಕ್ಕೆ ಬೀಳಲಿ ಎನ್ನುತ್ತಾನೆ ಹ್ಯಾಮ್ಲೆಟ್. ಇದು ಧರ್ಮಭೀರುವಿನ ಮಾತೇ? ಇಂಗ್ಲಿಷ್ ವಿಮರ್ಶಕ ಡಾ. ಜಾನ್ಸನ್ ಇದು ಓದಲೂ ಆಡಲೂ ಆಗದಷ್ಟು ಘೋರವೆಂದ. ಕವಿ ಕೋಲ್‌ರಿಜ್ ಅದನ್ನು ಒಪ್ಪದೆ, ಇದೂ ಹಿಂಜರಿಕೆಯ ಲಕ್ಷಣವೇ ಎಂದ. ನಾನು ಜಾನ್ಸನ್ ಪಕ್ಷ. 1882ರಲ್ಲಿ ಇಲ್ಲೇ ಡೋಂಗ್ರಿ ಜೈಲಿನಲ್ಲಿ 101 ದಿನ ಕಳೆದ ಸಮಾಜ ಸುಧಾರಕ ಆಗರಕರ್ ಮರುವರ್ಷ ಹೊರಬಂದ ತಮ್ಮ ಮರಾಠಿ ಹ್ಯಾಮ್ಲೆಟ್‌ಗೆ ಇಟ್ಟ ಹೆಸರು 'ವಿಕಾರವಿಲಸಿತ', ಅಂದರೆ ಮನೋವಿಕಾರಗಳ ಆಟ. ಹಿಂಜರಿಕೆಯ ಸುಳಿವೇ ಅದರಲ್ಲಿಲ್ಲ ನೋಡಿ.

ಇನ್ನು ಕ್ಲಾಡಿಯಸ್. ಹಳೆಯ ಚರ್ಚಿನ ಕ್ರಮದಲ್ಲಿ ಪಾಪ ಕಳೆಯಲು ಮೂರು ಮೆಟ್ಟಿಲು: ಎದೆಯ ಅಳಲು, ಬಾಯಿಬಿಟ್ಟು ಒಪ್ಪುವುದು, ಮಾಡಿದ್ದಕ್ಕೆ ತೆತ್ತು ತೀರಿಸುವುದು. ಅಳಲು ಅವನಲ್ಲಿ ಧಾರಾಳವಾಗಿದೆ. ಸೋದರಹತ್ಯೆ ಎಂದು ಏಕಾಂತದಲ್ಲಿ ಒಪ್ಪುತ್ತಾನೆ ಕೂಡ. ಮೂರನೆಯದರಲ್ಲಿ ಎಡವುತ್ತಾನೆ: ಕಿರೀಟ, ಮಹತ್ವಾಕಾಂಕ್ಷೆ, ರಾಣಿ, ಮೂರನ್ನೂ ಇಟ್ಟುಕೊಂಡೇ ಕ್ಷಮೆ ಸಿಗುವುದೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಅನುವಾದಕರು ಎಡವುವುದೂ ಇಲ್ಲೇ. 'ನನಗೆ ಪಶ್ಚಾತ್ತಾಪಪಡಲಾಗದು' ಎಂದು ಅವನ ಬಾಯಲ್ಲಿ ಹೇಳಿಸಿದರೆ ಪ್ರೇಕ್ಷಕ ಗೊಂದಲಕ್ಕೆ ಬೀಳುತ್ತಾನೆ, ಎದುರಿಗೇ ಅವನು ಬೇಯುತ್ತಿದ್ದಾನಲ್ಲ! ಅವನಿಂದಾಗದ್ದು ಪ್ರಾಯಶ್ಚಿತ್ತ. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಪದವಿರುವಾಗ ಬಳಸಿಕೊಳ್ಳಬೇಕು.

ನಿರ್ದೇಶಕರಿಗೊಂದು ಮಾತು. ಹ್ಯಾಮ್ಲೆಟ್ ಹೋದ ಮೇಲೆ ಕ್ಲಾಡಿಯಸ್ ಎದ್ದು ಎರಡೇ ಸಾಲು ಆಡುತ್ತಾನೆ: ಮಾತು ಮೇಲೆ ಹಾರಿತು, ಮನಸ್ಸು ಕೆಳಗೇ ಉಳಿಯಿತು. ಕತ್ತಿ ಒರೆಗೆ ಮರಳಿದಲ್ಲೇ ದೀಪ ಆರಿಸುವ ಆಸೆಗೆ ಇವನ್ನು ಕತ್ತರಿಸಬೇಡಿ. ಪ್ರಾರ್ಥನೆ ಫಲಿಸಲೇ ಇಲ್ಲ. ಅಂದರೆ ಹ್ಯಾಮ್ಲೆಟ್ ಆಗಲೇ ಹೊಡೆದಿದ್ದರೆ ಅವನ ಲೆಕ್ಕದ ನರಕವೂ ಸಿಗುತ್ತಿತ್ತು. ಇದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ನೇರ ತಾಯಿಯ ಕೋಣೆಗೆ ಹೋದವನು ಪರದೆಯ ಹಿಂದಿನ ದನಿಗೆ ಯಾರು ಏನು ಎಂದು ನೋಡದೆಯೇ ಇರಿಯುತ್ತಾನೆ. ಸತ್ತವನು ಆಸ್ಥಾನದ ಮಂತ್ರಿ ಪೊಲೋನಿಯಸ್.

ಅವನ ಮಗ ಲೇರ್ಟೀಸ್ ಮುಂದೆ ಸೇಡಿಗೆ ಬಂದು, ಚರ್ಚಿನೊಳಗೇ ಹ್ಯಾಮ್ಲೆಟ್‌ನ ಕತ್ತು ಕೊಯ್ದೇನು ಎನ್ನುತ್ತಾನೆ. ಸೇಡಿಗೆ ಎಲ್ಲೆ ಇರಬಾರದು, ಕೊಲೆಗೆ ಯಾವ ಸ್ಥಳವೂ ಆಸರೆಯಾಗಬಾರದು ಎಂದು ತಲೆದೂಗುವವನು, ಮಂಡಿಯೂರಿದ್ದರಿಂದಲೇ ಅಂದು ಉಳಿದುಕೊಂಡಿದ್ದ ಕ್ಲಾಡಿಯಸ್.