ಆಗಿಯೇ ಇರಲಿಲ್ಲ ಎನ್ನಿಸಬೇಕಾಗಿದ್ದ ಮದುವೆ: ಎಂಟನೇ ಹೆನ್ರಿ ಮತ್ತು ಕ್ಯಾಥರೀನ್

ಮಾನ್ಯ ಅಧ್ಯಕ್ಷರೇ, ಮಿತ್ರರೇ,

ಇಂಗ್ಲೆಂಡಿನ ಅರಸ ಎಂಟನೇ ಹೆನ್ರಿಯ ಹೆಸರೆತ್ತಿದರೆ ಹೆಚ್ಚಿನವರಿಗೆ ನೆನಪಾಗುವುದು ಅವನ ಆರು ಮಂದಿ ಹೆಂಡಿರು. ಮೊದಲ ಹೆಂಡತಿಯಿಂದ ವಿಚ್ಛೇದನ ಪಡೆಯಲು ಪೋಪ್ ಒಪ್ಪಲಿಲ್ಲವೆಂದು ಅವನು ರೋಮಿನ ಸಂಬಂಧವನ್ನೇ ಕಡಿದುಕೊಂಡ ಎಂಬ ಒಂದೇ ವಾಕ್ಯದಲ್ಲಿ ಪಠ್ಯಪುಸ್ತಕಗಳು ಆ ಪ್ರಕರಣವನ್ನು ಮುಗಿಸಿಬಿಡುತ್ತವೆ. ಆ ವಾಕ್ಯದಲ್ಲಿ ವಿಚ್ಛೇದನ ಎಂಬ ಮಾತೇ ಸಲ್ಲದು. ವಿಚ್ಛೇದನವೆಂದರೆ ಆದ ಮದುವೆಯನ್ನು ಮುರಿಯುವುದು. ಅಂದಿನ ಚರ್ಚಿನ ಕಾನೂನಿನಲ್ಲಿ ಅದಕ್ಕೆ ಎಡೆಯಿರಲಿಲ್ಲ. ಹೆನ್ರಿ ಕೇಳಿದ್ದು, ನಮ್ಮ ಕೋರ್ಟುಗಳ ಭಾಷೆಯಲ್ಲಿ ಹೇಳುವುದಾದರೆ, ಮದುವೆ ಮೊದಲಿನಿಂದಲೇ ಅಸಿಂಧು ಎಂಬ ಘೋಷಣೆಯನ್ನು. ಹದಿನೆಂಟು ವರ್ಷ ಜೊತೆಗೆ ಬಾಳಿದ ರಾಣಿ ಎಂದೂ ತನ್ನ ಹೆಂಡತಿಯಾಗಿರಲೇ ಇಲ್ಲ ಎಂಬ ತೀರ್ಪನ್ನು. ಕ್ಯಾಥರೀನಳ ಹಠ ಅಷ್ಟು ಗಟ್ಟಿಯಾಗಿದ್ದುದೇಕೆ ಎಂಬುದು ಈ ವ್ಯತ್ಯಾಸವನ್ನು ಹಿಡಿದುಕೊಂಡರೆ ಮಾತ್ರ ತಿಳಿಯುತ್ತದೆ.

ಕ್ಯಾಥರೀನ್ ಸ್ಪೇನಿನ ಫರ್ಡಿನೆಂಡ್ ಮತ್ತು ಇಸಬೆಲ್ಲಾ ಅವರ ಮಗಳು. 1501ರ ನವೆಂಬರ್ 14ರಂದು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಆಕೆಯ ಕೈಹಿಡಿದವನು ಹೆನ್ರಿಯಲ್ಲ, ಅವನ ಅಣ್ಣ ಆರ್ಥರ್. ಹದಿನೈದು ವರ್ಷದ ಆ ಯುವರಾಜ ಐದು ತಿಂಗಳು ತುಂಬುವ ಮೊದಲೇ ಲಡ್ಲೋ ಕೋಟೆಯಲ್ಲಿ ತೀರಿಕೊಂಡ. ವಿಧವೆಯನ್ನು ತವರಿಗೆ ಕಳಿಸಿದರೆ ಕೈಗೆ ಬಂದ ವರದಕ್ಷಿಣೆಯ ಲೆಕ್ಕ ಕೊಡಬೇಕಾಗುತ್ತದೆ, ಸ್ಪೇನಿನ ನಂಟೂ ತಪ್ಪುತ್ತದೆ. ಆದ್ದರಿಂದ ಆಕೆಯನ್ನು ಮೈದುನನಿಗೇ ತಂದುಕೊಳ್ಳುವುದೆಂದು ಹಿರಿಯರು ನಿಶ್ಚಯಿಸಿದರು. ಅಣ್ಣನ ವಿಧವೆಯನ್ನು ಮದುವೆಯಾಗಲು ಚರ್ಚಿನ ಕಾನೂನಿನ ತಡೆಯಿತ್ತು, ಅದಕ್ಕಾಗಿ ಪೋಪ್ ಎರಡನೇ ಜೂಲಿಯಸ್‌ನಿಂದ ವಿನಾಯಿತಿ ಪತ್ರ ತರಿಸಿದರು. ಹಿಂದಿನ ಮದುವೆಯಲ್ಲಿ ದೈಹಿಕ ಸಂಬಂಧ ‘ಬಹುಶಃ’ ನಡೆದಿರಬಹುದು ಎಂದು ಆ ಪತ್ರದಲ್ಲಿ ಬರೆದಿತ್ತು. ಕಾಲು ಶತಮಾನದ ನಂತರ ಯುರೋಪಿನ ವಕೀಲರೆಲ್ಲ ಭೂತಗನ್ನಡಿ ಹಿಡಿದು ನೋಡಿದ್ದು ಇಂಥ ಪದಗಳನ್ನೇ.

1509ರ ಜೂನ್ 11ರಂದು, ಪಟ್ಟಕ್ಕೆ ಬಂದ ಕೆಲವೇ ವಾರಗಳಲ್ಲಿ, ಹೆನ್ರಿ ಅತ್ತಿಗೆಯನ್ನು ಮದುವೆಯಾದ. ಆ ಕಾಲಕ್ಕೆ ಅದು ಸುಖದ ದಾಂಪತ್ಯವೇ ಆಗಿತ್ತೆಂದು ಹೇಳಬೇಕು. ಕೊರತೆ ಇದ್ದದ್ದು ತೊಟ್ಟಿಲಿನಲ್ಲಿ. 1511ರ ಜನವರಿ 1ರಂದು ಹುಟ್ಟಿದ ಗಂಡುಮಗು ಐವತ್ತೆರಡು ದಿನ ಬದುಕಿತು. ಹಲವು ಬಸಿರುಗಳು ಕಳೆದ ಮೇಲೆ ಉಳಿದುಕೊಂಡವಳು 1516ರಲ್ಲಿ ಹುಟ್ಟಿದ ಮೇರಿ ಒಬ್ಬಳೇ. ಹೆಣ್ಣು ಆಳಬಾರದೇ ಎಂಬ ಪ್ರಶ್ನೆ ಇಸಬೆಲ್ಲಾಳ ಮಗಳಿಗೆ ಪ್ರಶ್ನೆಯೇ ಆಗಿರಲಿಲ್ಲ, ಏಕೆಂದರೆ ಆಕೆಯ ತಾಯಿ ಕ್ಯಾಸ್ಟೀಲ್ ರಾಜ್ಯವನ್ನು ಸ್ವಂತ ಹಕ್ಕಿನಿಂದ ಆಳಿದವಳು. ತಂದೆಯ ತಲೆಮಾರಿನಲ್ಲಷ್ಟೇ ರಣರಂಗದಲ್ಲಿ ಕಿರೀಟ ಗೆದ್ದ ಟ್ಯೂಡರ್ ಮನೆಯವನಿಗೆ ಆ ನೆಮ್ಮದಿ ಇರಲಿಲ್ಲ.

1527ರ ಹೊತ್ತಿಗೆ ಹೆನ್ರಿ ರಾಣಿಯ ಸಖಿಯರಲ್ಲಿ ಒಬ್ಬಳಾದ ಆ್ಯನ್ ಬೊಲಿನ್‌ಗೆ ಮನಸೋತಿದ್ದ. ಬೈಬಲ್ಲಿನ ಯಾಜಕಕಾಂಡದ ಒಂದು ವಚನವೂ ಆ ದಿನಗಳಲ್ಲೇ ಅವನನ್ನು ಕಾಡತೊಡಗಿತ್ತು: ಸಹೋದರನ ಹೆಂಡತಿಯನ್ನು ತೆಗೆದುಕೊಂಡವರು ಮಕ್ಕಳಿಲ್ಲದೆ ಹೋಗುವರು. ಮೇರಿ ಇದ್ದಾಳಲ್ಲ ಎಂದರೆ, ಹೀಬ್ರೂ ಮೂಲದಲ್ಲಿ ಗಂಡುಮಕ್ಕಳೆಂದೇ ಅರ್ಥ ಎಂದು ವಾದಿಸುವ ವಿದ್ವಾಂಸ ರಾಬರ್ಟ್ ವೇಕ್‌ಫೀಲ್ಡ್ ಸಿದ್ಧನಿದ್ದ. ಆದರೆ ಅದೇ ಬೈಬಲ್ಲಿನ ಧರ್ಮೋಪದೇಶಕಾಂಡದಲ್ಲಿ, ಮಕ್ಕಳಿಲ್ಲದೆ ಸತ್ತವನ ಹೆಂಡತಿಯನ್ನು ಮೈದುನನೇ ಮದುವೆಯಾಗಬೇಕು ಎಂಬ ವಿಧಿಯೂ ಇದೆ. ಹೆನ್ರಿಯ ಮನಸ್ಸಾಕ್ಷಿಯ ಅಳುಕು ಬರಿಯ ನೆಪ ಎನ್ನುವವರಿದ್ದಾರೆ, ನಾನು ಹಾಗೆನ್ನಲಾರೆ. ತನಗೆ ಬೇಕಾದದ್ದನ್ನೇ ದೇವರ ಚಿತ್ತವೆಂದು ಮನಸಾರೆ ನಂಬಬಲ್ಲವರ ಪೈಕಿ ಅವನು ಒಬ್ಬ, ಮತ್ತು ಅಂಥವರನ್ನು ಒಪ್ಪಿಸುವುದು ನಟಿಸುವವರನ್ನು ಒಪ್ಪಿಸುವುದಕ್ಕಿಂತ ಕಷ್ಟ.

ಈ ನಂಬಿಕೆಯ ವಿಚಿತ್ರ ಇನ್ನೊಂದು ಕಡೆ ಕಾಣುತ್ತದೆ. ಆ್ಯನ್‌ಳ ಸೋದರಿ ಮೇರಿ ಬೊಲಿನ್ ಹಿಂದೆ ಹೆನ್ರಿಯ ಪ್ರೇಯಸಿಯಾಗಿದ್ದವಳು. ಚರ್ಚಿನ ಕಾನೂನಿನಂತೆ ಆ ಸಂಬಂಧದಿಂದ ಹುಟ್ಟಿದ ತಡೆ, ಅಣ್ಣನ ಹೆಂಡತಿಯ ವಿಷಯದ ತಡೆಗೆ ಸರಿಸಮನಾದದ್ದೇ. ಆದ್ದರಿಂದ 1527ರಲ್ಲಿ ಹೆನ್ರಿಯ ದೂತ ರೋಮಿಗೆ ಹೋಗಿ, ಅಂಥ ನಂಟಿರುವ ಹೆಣ್ಣನ್ನು ಮದುವೆಯಾಗಲು ವಿನಾಯಿತಿ ಬೇಕೆಂದು ಕೇಳಿದ. ಅತ್ತಿಗೆಯ ವಿಷಯದಲ್ಲಿ ಇಂಥ ವಿನಾಯಿತಿ ಕೊಡುವ ಅಧಿಕಾರ ಪೋಪನಿಗೇ ಇರಲಿಲ್ಲ ಎನ್ನುವುದು, ಪ್ರೇಯಸಿಯ ಸೋದರಿಯ ವಿಷಯದಲ್ಲಿ ಅದೇ ವಿನಾಯಿತಿ ಕೊಡು ಎಂದು ಕೈಚಾಚುವುದು, ಎರಡೂ ಒಬ್ಬನೇ ಅರಸನ ಕೆಲಸ.

ಚಾಣಾಕ್ಷ ಮಂತ್ರಿ ಕಾರ್ಡಿನಲ್ ವೂಲ್ಸಿ ಇದಕ್ಕಿಂತ ಜಾಣ ದಾರಿಯೊಂದನ್ನು ಕಂಡಿದ್ದ. ಆರ್ಥರ್ ತನ್ನನ್ನು ಮುಟ್ಟಲೇ ಇಲ್ಲ ಎಂಬ ರಾಣಿಯ ಮಾತನ್ನೇ ಒಪ್ಪಿಕೊಳ್ಳೋಣ. ಆಗಲೂ ಊರೆದುರು ಮದುವೆಯ ವಿಧಿ ನಡೆದಿದ್ದರಿಂದಲೇ ಬೇರೊಂದು ಬಗೆಯ ತಡೆ ಹುಟ್ಟಿತ್ತು, ಜೂಲಿಯಸ್‌ನ ಪತ್ರದಲ್ಲಿ ಅದಕ್ಕೆ ವಿನಾಯಿತಿಯೇ ಇಲ್ಲ. ಪೋಪನ ಅಧಿಕಾರವನ್ನು ಕೆಣಕದೆ, ಕಾಗದದಲ್ಲಿನ ಲೋಪವೊಂದನ್ನಷ್ಟೇ ತೋರಿಸುವ ಈ ವಾದವನ್ನು ಕೊನೆಯವರೆಗೆ ಹಿಡಿದಿದ್ದರೆ ಏನಾಗುತ್ತಿತ್ತೋ! ಹೆನ್ರಿ ಅದನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಅವನಿಗೆ ಬೇಕಿದ್ದದ್ದು ಗುಮಾಸ್ತನ ತಪ್ಪಲ್ಲ, ದೇವರ ನಿಷೇಧ.

ಕಾಲವೂ ಕೂಡಿಬರಲಿಲ್ಲ. 1527ರ ಮೇ ತಿಂಗಳಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸಂಬಳ ಕಾಣದ ಸೈನ್ಯ ರೋಮ್ ನಗರವನ್ನು ಸೂರೆಮಾಡಿ, ಪೋಪ್ ಏಳನೇ ಕ್ಲೆಮೆಂಟ್‌ನನ್ನು ಸಾಂಟ್ ಆಂಜೆಲೋ ಕೋಟೆಯಲ್ಲಿ ಸೆರೆಯಿಟ್ಟಿತು. ಚಾರ್ಲ್ಸ್ ಕ್ಯಾಥರೀನಳ ಅಕ್ಕನ ಮಗ. ಚಿಕ್ಕಮ್ಮನ ಮದುವೆ ಅಸಿಂಧು ಎಂದು ಬರೆಯಬೇಕಾದ ಕೈ ಅವನ ಹಿಡಿತದಲ್ಲಿತ್ತು. ಬಿಡುಗಡೆಯಾದ ಮೇಲೂ ಕ್ಲೆಮೆಂಟ್‌ಗೆ ತಿಳಿದಿದ್ದ ಉಪಾಯ ಒಂದೇ, ತಡಮಾಡುವುದು. ಅವನು ಕಳಿಸಿದ ಕಾರ್ಡಿನಲ್ ಕಂಪೆಜ್ಜೊ ಕಾಲುನೋವಿನಿಂದ ನರಳುತ್ತ 1528ರ ಅಕ್ಟೋಬರಿನಲ್ಲಿ ಲಂಡನ್ ತಲುಪಿ, ಸನ್ಯಾಸಿನಿಯರ ಮಠ ಸೇರಿಬಿಡಿ ಎಂದು ರಾಣಿಗೆ ಸೂಚಿಸಿದ. ಆಕೆ ಒಪ್ಪಲಿಲ್ಲ.

1529ರ ಜೂನ್ 21ರಂದು ಬ್ಲ್ಯಾಕ್‌ಫ್ರಯರ್ಸ್ ಮಠದ ಸಭಾಂಗಣದಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಬ್ಬರು ಕಾರ್ಡಿನಲ್ಲರು ನ್ಯಾಯಪೀಠದಲ್ಲಿದ್ದರು. ಅರಸ, ರಾಣಿ ಇಬ್ಬರೂ ಹಾಜರಿದ್ದರು. ತನ್ನ ಹೆಸರು ಕೂಗಿದಾಗ ಕ್ಯಾಥರೀನ್ ನ್ಯಾಯಾಧೀಶರಿಗೆ ಉತ್ತರ ಕೊಡಲಿಲ್ಲ. ಎದ್ದು, ಜನರ ನಡುವೆ ದಾರಿ ಮಾಡಿಕೊಂಡು ಗಂಡನ ಬಳಿಗೆ ಹೋಗಿ, ಮಂಡಿಯೂರಿ ಕುಳಿತು, ವಿದೇಶಿ ಉಚ್ಚಾರಣೆಯ ಇಂಗ್ಲಿಷಿನಲ್ಲಿ ಅವನೊಬ್ಬನನ್ನೇ ಉದ್ದೇಶಿಸಿ ಮಾತಾಡಿದಳು. ನಿಮ್ಮ ಕೈಸೇರಿದಾಗ ನಾನು ಕನ್ಯೆಯಾಗಿದ್ದೆ, ಅದು ನಿಜವೋ ಸುಳ್ಳೋ ನಿಮ್ಮ ಮನಸ್ಸಾಕ್ಷಿಯನ್ನೇ ಕೇಳಿಕೊಳ್ಳಿ ಎಂಬುದು ಆಕೆಯ ಮಾತಿನ ತಿರುಳು. ಆ ಪ್ರಶ್ನೆಗೆ ಹೆನ್ರಿ ಅಂದು ಸಭೆಯಲ್ಲಿ ಉತ್ತರ ಕೊಡಲಿಲ್ಲ. ಆಕೆ ಎದ್ದು, ನಮಸ್ಕರಿಸಿ, ಬಾಗಿಲಿನತ್ತ ನಡೆದಳು. ಹಿಂದಿನಿಂದ ಮತ್ತೆ ಮತ್ತೆ ಕೂಗಿದರೂ ತಿರುಗಿ ನೋಡಲಿಲ್ಲ. ಆಮೇಲೆ ಬಂದ ಸಾಕ್ಷಿಗಳ ದರ್ಜೆ ಹೇಗಿತ್ತೆಂದರೆ, ಮೊದಲ ರಾತ್ರಿಯ ಮರುದಿನ ಆರ್ಥರ್ ಕುಡಿಯಲು ಕೇಳುತ್ತ, ರಾತ್ರಿಯೆಲ್ಲ ಸ್ಪೇನಿನ ನಡುವೆ ಇದ್ದೆ ಎಂದು ಜಂಬ ಕೊಚ್ಚಿದ್ದನಂತೆ ಎಂಬುದನ್ನು, ಇಪ್ಪತ್ತೆಂಟು ವರ್ಷಗಳ ಬಳಿಕ ನೆನಪಿಸಿಕೊಂಡು ಪ್ರಮಾಣಮಾಡಿ ಹೇಳಿದರು. ಹದಿನೈದರ ಹುಡುಗನ ಬಡಾಯಿ ರಾಜ್ಯದ ದಾಖಲೆ ಸೇರಿತು. ಜುಲೈ ಕೊನೆಗೆ ಕಂಪೆಜ್ಜೊ, ರೋಮಿನ ನ್ಯಾಯಾಲಯಗಳಿಗೆ ಬೇಸಿಗೆ ರಜೆ ಎಂದು ಕಲಾಪ ಮುಂದೂಡಿದ. ಅಷ್ಟರಲ್ಲಿ ರಾಣಿಯ ಮೇಲ್ಮನವಿಯಂತೆ ಮೊಕದ್ದಮೆಯೇ ರೋಮಿಗೆ ವರ್ಗವಾಯಿತು. ವೂಲ್ಸಿಯ ಪತನಕ್ಕೆ ಇನ್ನೇನೂ ಬೇಕಾಗಲಿಲ್ಲ.

1530ರಲ್ಲಿ ಪ್ಯಾರಿಸ್, ಬೊಲೋನ್ಯ, ಪಡುವಾ ಮೊದಲಾದ ವಿಶ್ವವಿದ್ಯಾಲಯಗಳಿಂದ ಅರಸನ ಪರವಾದ ಅಭಿಪ್ರಾಯಗಳು ಬಂದವು. ಹಣ ಮತ್ತು ಒತ್ತಡಗಳ ಪಾತ್ರ ಅದರಲ್ಲಿ ಸಣ್ಣದಲ್ಲ. ನನಗೆ ಅವುಗಳಿಗಿಂತ ಮುಖ್ಯವೆನಿಸುವುದು ಈ ವರ್ಷಗಳಲ್ಲಿ ಪ್ರಶ್ನೆಯೇ ಬದಲಾಗಿಹೋದ ಬಗೆ. ಮದುವೆ ಸಿಂಧುವೋ ಅಲ್ಲವೋ ಎಂದು ಕೇಳುತ್ತಿದ್ದವರು, ಅದನ್ನು ತೀರ್ಮಾನಿಸುವವರು ಯಾರು ಎಂದು ಕೇಳತೊಡಗಿದರು. ಅರಸನ ಹೊಸ ಮಂತ್ರಿ ಥಾಮಸ್ ಕ್ರಾಮ್‌ವೆಲ್ ರೂಪಿಸಿದ 1533ರ ಶಾಸನ ಇಂಗ್ಲೆಂಡ್ ತಾನೇ ಒಂದು ಸಾಮ್ರಾಜ್ಯ ಎಂದು ಸಾರಿ, ಇಂಥ ವ್ಯಾಜ್ಯಗಳಲ್ಲಿ ರೋಮಿಗೆ ಮೇಲ್ಮನವಿ ಹೋಗುವ ದಾರಿಯನ್ನು ಮುಚ್ಚಿತು. ಬಾಗಿಲು ಮುಚ್ಚುವ ಅವಸರವೂ ಇತ್ತು: ಹೆನ್ರಿ ಗುಟ್ಟಾಗಿ ಮದುವೆಯಾಗಿದ್ದ ಆ್ಯನ್ ಆಗಲೇ ಬಸುರಿ. ಹೊಸ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್ ಮೇ 23ರಂದು ಡನ್‌ಸ್ಟೇಬಲ್‌ನಲ್ಲಿ ಮೊದಲ ಮದುವೆ ಅಸಿಂಧು ಎಂದ. ಜೂನ್ 1ರಂದು ಆ್ಯನ್‌ಳ ಪಟ್ಟಾಭಿಷೇಕ. ಸೆಪ್ಟೆಂಬರ್ 7ರಂದು ಮಗು. ಅದು ಹೆಣ್ಣು, ಎಲಿಜಬೆತ್. ಕ್ಯಾಥರೀನಳ ಮದುವೆ ಸಿಂಧುವೆಂಬ ರೋಮಿನ ತೀರ್ಪು 1534ರ ಮಾರ್ಚಿನಲ್ಲಿ ಬಂದಾಗ ಅದನ್ನು ಕೇಳುವವರು ಇಂಗ್ಲೆಂಡಿನ ಆಸ್ಥಾನದಲ್ಲಿ ಇರಲಿಲ್ಲ.

ಕ್ಯಾಥರೀನಳಿಗೆ ಆಮೇಲೆ ಸರ್ಕಾರಿ ಬಿರುದು ರಾಣಿಯದಲ್ಲ, ಆರ್ಥರ್‌ನ ವಿಧವೆಯದು. ಆ ಹೆಸರಿನಿಂದ ಕರೆದವರಿಗೆ ಆಕೆ ಓಗೊಡಲಿಲ್ಲ. 1536ರ ಜನವರಿ 7ರಂದು ಕಿಂಬೋಲ್ಟನ್‌ನಲ್ಲಿ ಸತ್ತಾಗ ಪೀಟರ್‌ಬರೋ ಮಠದಲ್ಲಿ ಮಣ್ಣು ಮಾಡಿದ್ದು ಆರ್ಥರ್‌ನ ವಿಧವೆಗೆ ಸಲ್ಲುವ ಮರ್ಯಾದೆಯಿಂದಲೇ. ಮಗಳು ಮೇರಿಗೆ ಬರಲು ಅಪ್ಪಣೆ ಸಿಗಲಿಲ್ಲ.

ಮೇ ತಿಂಗಳಲ್ಲಿ ಆ್ಯನ್‌ಳ ಸರದಿ. ವ್ಯಭಿಚಾರದ ಆರೋಪದ ಮೇಲೆ ಮರಣದಂಡನೆ ವಿಧಿಸಿದ ಮೇಲೆ, ಕತ್ತಿ ಬೀಳುವುದಕ್ಕೆ ಎರಡು ದಿನ ಮೊದಲು, ಅದೇ ಕ್ರ್ಯಾನ್ಮರ್ ಆ ಮದುವೆಯನ್ನೂ ಅಸಿಂಧು ಎಂದು ಘೋಷಿಸಿದ. ಹೆಂಡತಿಯೇ ಅಲ್ಲದವಳು ಗಂಡನಿಗೆ ದ್ರೋಹ ಬಗೆದದ್ದು ಹೇಗೆ ಎಂದು ಕೇಳುವ ಎದೆ ಆಗ ಯಾರಿಗೂ ಇರಲಿಲ್ಲ. ವಾರಸುದಾರನಿಗಾಗಿ ಒಂಬತ್ತು ವರ್ಷ ಹಿಂದೆ ಈ ವ್ಯಾಜ್ಯ ಹೂಡಿದ್ದ ಅರಸನಿಗೆ 1536ರ ಬೇಸಿಗೆಯಲ್ಲಿ ತನ್ನವೆಂದು ಒಪ್ಪಿಕೊಂಡ ಮಕ್ಕಳು ಮೂವರು: ಮೇರಿ, ಎಲಿಜಬೆತ್, ಮತ್ತು ಬೆಸ್ಸಿ ಬ್ಲೌಂಟ್ ಎಂಬಾಕೆಗೆ ಹುಟ್ಟಿದ ಹೆನ್ರಿ ಫಿಟ್ಸ್‌ರಾಯ್. ಕಾನೂನಿನ ಪ್ರಕಾರ ಆ ಮೂವರಲ್ಲಿ ಒಬ್ಬರೂ ಸಕ್ರಮ ಸಂತಾನವಾಗಿರಲಿಲ್ಲ, ಮತ್ತು ಅವರಲ್ಲಿ ಗಂಡಾಗಿದ್ದ ಫಿಟ್ಸ್‌ರಾಯ್, ಹದಿನೇಳನೆಯ ವಯಸ್ಸಿನಲ್ಲಿ, ಜುಲೈ 23ರಂದು ತೀರಿಕೊಂಡ.