ಮಲಗಿದವರ ಕಣ್ಣಿಗೆ ಕಾಣುವ ಆಸ್ಪತ್ರೆ

ಎಲ್ಲರಿಗೂ ನಮಸ್ಕಾರ. ಈ ಸೆಮಿಸ್ಟರಿಗೆ ನಿಮಗೆಲ್ಲ ನೂರು ಹಾಸಿಗೆಯ ಆಸ್ಪತ್ರೆ ಡಿಸೈನ್ ಮಾಡಲು ಕೊಟ್ಟಿದ್ದಾರಂತೆ. ಹೊರಗೆ ಗೋಡೆಗೆ ಹಾಕಿರುವ ನಿಮ್ಮ ಡ್ರಾಯಿಂಗುಗಳನ್ನು ಈಗ ತಾನೇ ನೋಡಿ ಬಂದೆ. ಚೆನ್ನಾಗಿವೆ. ಆದರೆ ಎಲ್ಲರೂ ಬಾಗಿಲಲ್ಲಿ ನಿಂತು ವಾರ್ಡು ನೋಡಿದ ಹಾಗೆ ಬರೆದಿದ್ದೀರಿ. ಮಂಚದ ಮೇಲೆ ಅಂಗಾತ ಮಲಗಿದವರಿಗೆ ಏನು ಕಾಣುತ್ತೆ ಅಂತ ಒಬ್ಬರೂ ಬರೆದಿಲ್ಲ.

ನಾನೂ ಬರೆದವನಲ್ಲ ಬಿಡಿ. ನನ್ನ ಅಪೆಂಡಿಕ್ಸ್ ಆಪರೇಷನ್ ಆಗುವವರೆಗೆ ಅದು ಹೊಳೆದೇ ಇರಲಿಲ್ಲ. ಥಿಯೇಟರಿನಿಂದ ವಾರ್ಡಿಗೆ ಸ್ಟ್ರೆಚರಿನಲ್ಲಿ ತಳ್ಳಿಕೊಂಡು ಬರುವಾಗ ನನಗೆ ಕಂಡದ್ದು ಟ್ಯೂಬ್‌ಲೈಟುಗಳು ಮಾತ್ರ. ಒಂದಾದ ಮೇಲೆ ಒಂದು, ನೇರ ಕಣ್ಣಿಗೆ. ಹದಿನೇಳು ಎಣಿಸಿದೆ. ಜೊತೆಗೆ ಪ್ರತಿ ಬಾಗಿಲಿಗೂ ನೆಲದಿಂದ ಒಂಚೂರು ಎದ್ದ ಗ್ರಾನೈಟ್ ಪಟ್ಟಿ. ಚಕ್ರ ಅದನ್ನು ಹತ್ತಿ ಇಳಿದಾಗಲೆಲ್ಲ ಹೊಲಿಗೆ ಹಾಕಿದ ಜಾಗದಲ್ಲಿ ಚುಳ್ ಅನ್ನುತ್ತಿತ್ತು. ಅಂಥ ಪಟ್ಟಿಗಳನ್ನು ನಾನೇ ಎಷ್ಟು ಆಸ್ಪತ್ರೆಗಳಲ್ಲಿ ಹಾಕಿಸಿದ್ದೆನೋ!

ಮಲಗಿದವರ ಕಣ್ಣಿನಿಂದ ಯೋಚಿಸಿ ಕಟ್ಟಿದ ಒಂದು ಆಸ್ಪತ್ರೆ ಫಿನ್ಲೆಂಡಿನ ಪೈಮಿಯೊದಲ್ಲಿದೆ. ಕ್ಷಯರೋಗಿಗಳಿಗೆಂದು ಕಟ್ಟಿದ್ದು. ಅಲ್ಲಿನ ಆರ್ಕಿಟೆಕ್ಟ್ ಆಲ್ವರ್ ಆಲ್ಟೊ 1929ರಲ್ಲಿ ಸ್ಪರ್ಧೆ ಗೆದ್ದು ಈ ಕೆಲಸ ಪಡೆದ. ಪತ್ನಿ ಐನೊ ಕೂಡ ಇದರಲ್ಲಿ ದುಡಿದವಳು. 1933ರಲ್ಲಿ ಕಟ್ಟಡ ಮುಗಿಯಿತು. ಆಗ ಕ್ಷಯಕ್ಕೆ ಔಷಧಿ ಇರಲಿಲ್ಲ, ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ಗಾಳಿ, ಬಿಸಿಲು, ವಿಶ್ರಾಂತಿ, ಇಷ್ಟೇ ಚಿಕಿತ್ಸೆ. ಅಂದರೆ ಕಟ್ಟಡವೇ ಮದ್ದು. ಸುತ್ತ ಪೈನ್ ಕಾಡು, ಬಿಸಿಲಿಗೆ ಮಂಚ ಹಾಕಿ ಮಲಗಿಸಲು ಉದ್ದನೆಯ ಬಾಲ್ಕನಿಗಳು.

ಆದರೆ ನನಗೆ ಇಷ್ಟ ಆಗೋದು ಅಲ್ಲಿ ಇಬ್ಬರು ರೋಗಿಗಳು ಮಲಗುವ ಪುಟ್ಟ ಕೋಣೆ. ಆಲ್ಟೊ ಅಲ್ಲಿ ಸೀಲಿಂಗಿಗೆ ಬಿಳಿ ಬಳಿಯಲಿಲ್ಲ. ಕಣ್ಣಿಗೆ ಹಿತವಾದ ಮಂಕು ಹಸಿರು ಬಳಿಸಿದ, ಯಾಕೆಂದರೆ ರೋಗಿ ದಿನವಿಡೀ ನೋಡೋದು ಅದನ್ನೇ. ದೀಪವನ್ನು ಮಲಗಿದವರ ಕಣ್ಣಿಗೆ ಹೊಡೆಯದ ಕಡೆ ಇಟ್ಟ. ಬಿಸಿಗಾಗಿ ಹಾಕಿದ ಫಲಕ ತಲೆ ಸುಡಬಾರದು, ಕಾಲು ಬೆಚ್ಚಗಿಡಬೇಕು, ಹಾಗೆ ಜೋಡಿಸಿದ. ಇಬ್ಬರಿಗೂ ಬೇರೆ ಬೇರೆ ಬೇಸಿನ್. ನಲ್ಲಿ ಬಿಟ್ಟರೆ ನೀರು ಓರೆಯಾಗಿ ಬಿದ್ದು ಸದ್ದಿಲ್ಲದೆ ಜಾರಿಹೋಗುತ್ತೆ. ರಾತ್ರಿ ಒಬ್ಬರು ಎದ್ದು ಕೈ ತೊಳೆದರೆ ಪಕ್ಕದವರಿಗೆ ಎಚ್ಚರ ಆಗಬಾರದು, ಅಲ್ವಾ? ಬಾಗಿಲ ಹಿಡಿಗಳನ್ನು ಕೂಡ ಡಾಕ್ಟರ ಕೋಟಿನ ತೋಳು ಸಿಕ್ಕಿಕೊಳ್ಳದಂತೆ ಬಾಗಿಸಿದ್ದ.

ಇದಕ್ಕೆಲ್ಲ ದುಡ್ಡು ಜಾಸ್ತಿ ಅಂತೀರಾ? ಸೀಲಿಂಗಿಗೆ ಬಿಳಿ ಬಳಿದರೂ ಬಣ್ಣ, ಹಸಿರು ಬಳಿದರೂ ಬಣ್ಣ. ಟ್ಯೂಬ್‌ಲೈಟನ್ನು ನಾಲ್ಕು ಅಡಿ ಆಚೆ ಗೋಡೆಗೆ ಹಾಕಲು ಎಲೆಕ್ಟ್ರಿಷಿಯನ್ ಎಷ್ಟು ಜಾಸ್ತಿ ಕೇಳಿಯಾನು? ನಮ್ಮಲ್ಲಿ ದುಡ್ಡು ಹೋಗುವ ಜಾಗವೇ ಬೇರೆ. ಲಾಬಿಗೆ ಇಟಾಲಿಯನ್ ಮಾರ್ಬಲ್, ಎರಡು ಮಹಡಿ ಎತ್ತರದ ಗಾಜು, ಕಾಫಿ ಅಂಗಡಿ. ಮೇಲೆ ಹೋದರೆ ಕಿಟಕಿ ತೆರೆಯಲು ಬಾರದ ರೂಮು. ಆ ಲಾಬಿ ಬಿಲ್ಲು ಕಟ್ಟುವವರಿಗಾಗಿ ಮಾಡಿದ್ದು ಅಂತ ನನ್ನ ಗುಮಾನಿ.

ಕಿಟಕಿ ಬರೀ ಶೋಕಿಗಲ್ಲ. ರೋಜರ್ ಉಲ್ರಿಚ್ ಎಂಬ ಸಂಶೋಧಕ 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆಗಿದ್ದ 46 ಮಂದಿಯ ದಾಖಲೆಗಳನ್ನು ಜೋಡಿ ಮಾಡಿ ಹೋಲಿಸಿದ್ದ. ಅರ್ಧ ಜನರ ಕಿಟಕಿಯಾಚೆ ಮರಗಳಿದ್ದವು, ಇನ್ನರ್ಧ ಜನರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ ಮುಕ್ಕಾಲು ದಿನದಷ್ಟು ಬೇಗ ಮನೆಗೆ ಹೋದರು, ಜೋರಾದ ನೋವಿನ ಮಾತ್ರೆ, ಇಂಜೆಕ್ಷನ್ನುಗಳನ್ನೂ ಕಡಿಮೆ ತೆಗೆದುಕೊಂಡರು. ಚಿಕ್ಕ ಅಧ್ಯಯನ, ಒಂದೇ ಆಸ್ಪತ್ರೆ. ಆದರೂ ವಾರ್ಡನ್ನು ಪಾರ್ಕಿಂಗ್ ಕಡೆ ತಿರುಗಿಸುವ ಮುಂಚೆ ಒಂದು ಸಲ ನೆನಪಿಸಿಕೊಳ್ಳಿ.

ಪೈಮಿಯೊದಲ್ಲಿ ಸಿಗದ ಒಂದು ಪ್ರಶ್ನೆ ನಮ್ಮಲ್ಲಿದೆ. ನಮ್ಮ ರೋಗಿ ಒಬ್ಬನೇ ಬರೋದಿಲ್ಲ. ಹೆಂಡತಿ, ಅಣ್ಣ, ಊರಿನಿಂದ ಚೀಲ ಹೊತ್ತು ಬಂದ ಅತ್ತೆ, ಯಾರಾದರೂ ಜೊತೆಗೆ ಇದ್ದೇ ಇರುತ್ತಾರೆ. ಔಷಧಿ ತರೋದು, ಗಂಜಿ ಕುಡಿಸೋದು, ಡ್ರಿಪ್ ಮುಗಿಯಿತು ಅಂತ ಸಿಸ್ಟರನ್ನು ಕೂಗೋದು ಅವರೇ. ಅವರು ಮಲಗೋದು ಮಾತ್ರ ಮಂಚದ ಕೆಳಗೆ ಚಾಪೆ ಹಾಕಿಕೊಂಡು. ಬೆಳಿಗ್ಗೆ ನೆಲ ಒರೆಸುವವರು ಬಂದರೆ ಚಾಪೆ ಸುತ್ತಿ ಹೊರಗೆ ಓಡಬೇಕು. ನಿಮ್ಮ ಪ್ಲಾನುಗಳಲ್ಲಿ ಅವರಿಗೆ ಒಂದು ಸ್ಟೂಲೂ ಇಲ್ಲ.

ನಮ್ಮ ಹಳೇ ಮನೆಗಳ ಜಗಲಿ ನೆನಪಿಸಿಕೊಳ್ಳಿ. ದಾರಿಹೋಕರು ಯಾರನ್ನೂ ಕೇಳದೆ ಕೂರಬಹುದಿತ್ತು. ಆಸ್ಪತ್ರೆಗೂ ಅಂಥದ್ದೊಂದು ಬೇಕು. ವಾರ್ಡಿನ ಕಿಟಕಿಯುದ್ದಕ್ಕೂ ಎರಡು ಅಡಿ ಅಗಲದ ಕಟ್ಟೆ ಕಟ್ಟಿ. ಹಗಲು ಕೂರಲು, ರಾತ್ರಿ ಮಲಗಲು. ಕೆಳಗೆ ಚೀಲ, ಫ್ಲಾಸ್ಕು ಇಡಲು ಗೂಡು. ಪಕ್ಕದಲ್ಲಿ ಒಂದು ಪ್ಲಗ್ ಪಾಯಿಂಟ್, ಮೊಬೈಲ್ ಚಾರ್ಜಿಗೆ.

ಮುಂದಿನ ವಾರ ನೀವು ಆಸ್ಪತ್ರೆ ನೋಡಲು ಹೋಗುತ್ತೀರಂತಲ್ಲ. ಟೇಪು, ಕ್ಯಾಮೆರಾ ಆಮೇಲೆ ತೆಗೆಯಿರಿ. ಮೊದಲು ಸಿಸ್ಟರನ್ನು ಕೇಳಿ, ಖಾಲಿ ಮಂಚ ಇದ್ದರೆ ಹತ್ತು ನಿಮಿಷ ಸುಮ್ನೆ ಮಲಗಿ. ಕಂಡದ್ದನ್ನು ಬರೆದುಕೊಂಡು ಬನ್ನಿ, ಅಲ್ಲಿಂದ ಶುರು ಮಾಡೋಣ.